ತಿಪ್ಪೆಯಾಗದ ದಿಬ್ಬ: ಕೋಲಾರ ಚಿನ್ನದ ಗಣಿಗಳ ಶೇಷಮಣ್ಣು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಕವಲು ರೈಲುಹಾದಿಯಲ್ಲಿ ಊರಿಗಾಂ ದಾಟುತ್ತಿದ್ದಂತೆ ಕಣ್ಣಿಗೆ ಬೀಳುವ ಬೋಳು ದಿಬ್ಬಗಳು ನಿಸರ್ಗದ ನಿರ್ಮಿತಿಗಳಲ್ಲ. ನೆಲದಾಳದಿಂದ ತಂದ ಕಲ್ಲನ್ನು ಪುಡಿಮಾಡಿ, ಅದರೊಳಗಿನ ಚಿನ್ನವನ್ನು ತೆಗೆದುಕೊಂಡ ಬಳಿಕ ಉಳಿದ ಹುಡಿಯನ್ನು ಒಂದು ಶತಮಾನ ಕಾಲ ಸುರಿದುದರ ಫಲವಿದು. ಸ್ಥಳೀಯರು ಇವನ್ನು ಕನ್ನಡದಲ್ಲಿ ‘ಸೈನೈಡ್ ದಿಬ್ಬ’ ಅಥವಾ ‘ಸೈನೈಡ್ ಗುಡ್ಡ’ ಎನ್ನುತ್ತಾರೆ. ತಮಿಳಿನಲ್ಲಿ ‘ಮೇಡು’ ಎನ್ನುವರು. ಒಟ್ಟು 13 ದಿಬ್ಬಗಳು, ಅವುಗಳಲ್ಲಿ ಸುಮಾರು 3.3 ಕೋಟಿ ಟನ್ ಹುಡಿ. ಈ ಗಣಿಗಳಿಂದ ಹೊರಬಂದ ಚಿನ್ನ ಅಂದಾಜು 800 ಟನ್. ಲೆಕ್ಕ ಹಾಕಿದರೆ, ಹತ್ತು ಗ್ರಾಮಿನ ಒಂದೆಳೆ ಸರಕ್ಕೆ ನಾಲ್ಕು ಕ್ವಿಂಟಾಲಿಗೂ ಮಿಕ್ಕ ಹುಡಿ ಈ ನೆಲದ ಮೇಲೆ ಉಳಿದಿದೆ.

ಚಿನ್ನ ತೆಗೆದ ಮೇಲೆ ಮಣ್ಣು ಉಳಿಯುವುದು ಹೊಸ ಸಂಗತಿಯಲ್ಲ. 1802ರಲ್ಲಿ ಈ ಸೀಮೆಯ ಗಡಿ ಅಳತೆಗೆ ಬಂದ ಜಾನ್ ವಾರೆನ್ ಎಂಬ ಸೇನಾಧಿಕಾರಿ ಊರಿಗಾಂ, ಮಾರಿಕುಪ್ಪಂಗಳ ಜನ ಮಣ್ಣು ತೊಳೆದು ಚಿನ್ನದ ಕಣ ಹೆಕ್ಕುವುದನ್ನು ಕಂಡು ದಾಖಲಿಸಿದ್ದಾನೆ. ಗಂಡಸರು ಬಾವಿಯಂತಹ ತೋಡುಗಳಿಗೆ ಇಳಿದು ಕಲ್ಲು ತರುತ್ತಿದ್ದರು. ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ, ನೀರಿನಲ್ಲಿ ಜಾಲಿಸುತ್ತಿದ್ದರು. ಅಡುಗೆಮನೆಯಲ್ಲಿ ಧಾನ್ಯದಿಂದ ಕಲ್ಲು ಬೇರ್ಪಡಿಸುವ ಕ್ರಿಯೆಗೂ ಇದೇ ‘ಜಾಲಿಸು’ ಎಂಬ ಮಾತಿದೆ. ಧಾರವಾಡ ಸೀಮೆಯಲ್ಲಿ, ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳ ಮರಳನ್ನು ತೊಳೆದು ಚಿನ್ನ ತೆಗೆಯುತ್ತಿದ್ದವರಿಗೆ ‘ಜಲಗಾರರು’ ಎಂಬ ಹೆಸರಿತ್ತು. ಕಸ ಗುಡಿಸುವವನಿಗೂ ಕನ್ನಡದಲ್ಲಿ ಇದೇ ಹೆಸರು ಸಂದಿದೆ. ಚಿನ್ನ ಹುಡುಕುವವನನ್ನೂ ಕಸ ಎತ್ತುವವನನ್ನೂ ಒಂದೇ ಪದ ಸೂಚಿಸುವುದು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಜಲಗಾರನ ಮರಿಗೆಯಿಂದ ಹೊರಚೆಲ್ಲಿದ ಮರಳು ಮಾತ್ರ ಹಳ್ಳದಲ್ಲಿ ಮೊದಲಿದ್ದ ಮರಳೇ ಆಗಿರುತ್ತಿತ್ತು. ಅದನ್ನು ಕಾಯಬೇಕಾಗಿರಲಿಲ್ಲ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ನಂತರ ಈ ಸ್ಥಿತಿ ಬದಲಾಯಿತು. ಆರಂಭದಲ್ಲಿ ಗಿರಣಿಗಳಲ್ಲಿ ಕಲ್ಲನ್ನು ಕುಟ್ಟಿ ಪಾದರಸದಿಂದ ಚಿನ್ನ ಹಿಡಿಯುತ್ತಿದ್ದರು. 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಸೈನೈಡ್ ವಿಧಾನಕ್ಕೆ ಹಕ್ಕುಪತ್ರ ದೊರೆತು, ಮುಂದಿನ ದಶಕದಲ್ಲಿ ಅದು ಕೋಲಾರಕ್ಕೂ ಬಂದಿತು. ಈ ವಿಧಾನದಲ್ಲಿ ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ಸೈನೈಡ್ ದ್ರಾವಣದಲ್ಲಿ ಇಡುತ್ತಾರೆ, ಚಿನ್ನ ಕರಗುತ್ತದೆ, ಆ ದ್ರಾವಣಕ್ಕೆ ಸತುವನ್ನು ಸೇರಿಸಿದಾಗ ಚಿನ್ನ ಮರಳಿ ಘನರೂಪ ತಾಳುತ್ತದೆ. ಚಿನ್ನ ಕಳೆದುಕೊಂಡ ಕೆಸರು ಹೊರಗೆ ಹರಿದು, ಒಣಗಿ, ಪದರದ ಮೇಲೆ ಪದರವಾಗಿ ದಿಬ್ಬವಾಗುತ್ತದೆ. ಗಣಿಯವರ ಪರಿಭಾಷೆಯ ‘ಟೈಲಿಂಗ್ಸ್’ ಇದೇ.

ದಿಬ್ಬಕ್ಕೆ ಅಂಟಿದ ಹೆಸರು ಇಲ್ಲಿ ತುಸು ದಾರಿ ತಪ್ಪಿಸುತ್ತದೆ. ಸೈನೈಡ್ ಎಂದೊಡನೆ ತತ್‌ಕ್ಷಣದ ಮೃತ್ಯು ನೆನಪಾಗುವುದು ಸಹಜ. ಆದರೆ ಬಿಸಿಲು, ಗಾಳಿಗಳಿಗೆ ಒಡ್ಡಿಕೊಂಡ ಸೈನೈಡ್ ಕಾಲಕ್ರಮದಲ್ಲಿ ವಿಘಟನೆ ಹೊಂದುತ್ತದೆ. ಹೆಸರಿನಲ್ಲಿ ಕಾಣಿಸಿಕೊಳ್ಳದ ವಸ್ತುಗಳೇ ದೀರ್ಘಕಾಲ ಉಳಿಯುವಂತಹವು. ಮೊದಲನೆಯದು, ಬೆಣಚುಕಲ್ಲಿನ ಸೂಕ್ಷ್ಮ ಹುಡಿ. ಕಲ್ಲಿನ ಧೂಳು ಶ್ವಾಸಕೋಶವನ್ನು ಗಟ್ಟಿಗೊಳಿಸುವ ಸಿಲಿಕೋಸಿಸ್ ರೋಗವನ್ನು ಇಲ್ಲಿನ ಗಣಿಕಾರ್ಮಿಕರು ತಲೆಮಾರುಗಳಿಂದ ಬಲ್ಲರು. ಎರಡನೆಯದು, ಕೆಲವು ಅದಿರುಪಟ್ಟಿಗಳಲ್ಲಿದ್ದ ಗಂಧಕಯುಕ್ತ ಖನಿಜಗಳು ಮತ್ತು ಅವುಗಳೊಡನೆ ಬರುವ ಆರ್ಸೆನಿಕ್. ಕಲ್ಲಿನೊಳಗೆ ಶತಕೋಟಿ ವರ್ಷ ತಣ್ಣಗೆ ಕುಳಿತಿದ್ದ ಈ ಖನಿಜ ಹಿಟ್ಟಾದಾಗ ಗಾಳಿ, ಮಳೆಗಳೊಡನೆ ಬೆರೆತು ಆಮ್ಲವಾಗತೊಡಗುತ್ತದೆ. ದಿಬ್ಬದ ಮೇಲೆ ಹುಲ್ಲು ಸರಿಯಾಗಿ ಹಿಡಿಯದಿರುವುದಕ್ಕೆ ಇದೂ, ಸಾರವಿಲ್ಲದ ಹುಡಿಯೂ ಕಾರಣ. ಬೇರು ಹಿಡಿಯದ ನೆಲವನ್ನು ಮಳೆ ಕೊರಕಲಾಗಿ ಸೀಳುತ್ತದೆ. ಆಷಾಢದ ಗಾಳಿ ಧೂಳೆಬ್ಬಿಸಿ, ‘ಲೈನು’ ಎಂದು ಕರೆಯಲಾಗುವ ಕಾರ್ಮಿಕರ ಸಾಲುಮನೆಗಳ ಮೇಲೆ ಹರಡುತ್ತದೆ. ಆ ಮನೆಗಳಲ್ಲಿ ನೆಲೆಸಿದವರಲ್ಲಿ ಬಹುಪಾಲು ಮಂದಿ ತಮಿಳು, ತೆಲುಗು ಸೀಮೆಗಳಿಂದ ದುಡಿಯಲು ಬಂದ ದಲಿತ ಕುಟುಂಬಗಳವರು ಎಂಬುದನ್ನು ಮರೆಯಲಾಗದು.

ಉಳಿಕೆಯನ್ನು ಒಂದೆಡೆ ಕೂಡಿಡುವ ಕ್ರಮ ಹಳ್ಳಿಗೂ ಗೊತ್ತಿತ್ತು. ಅದರ ಹೆಸರು ತಿಪ್ಪೆ. ಸಗಣಿ, ಬೂದಿ, ಕಸಗಳು ವರ್ಷವಿಡೀ ಅಲ್ಲಿ ಸೇರುತ್ತವೆ, ಮುಂಗಾರಿಗೆ ಮುನ್ನ ಬಂಡಿಗಳಲ್ಲಿ ಹೊಲಕ್ಕೆ ಹೋಗುತ್ತವೆ, ತಿಪ್ಪೆ ಬರಿದಾಗುತ್ತದೆ. ಹಬ್ಬದ ದಿನ ಅದಕ್ಕೆ ದೀಪವಿಡುವ ರೂಢಿ ಹಲವೆಡೆ ಇದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆದುದರ ಹಿಂದೆ, ಕಸದಿಂದ ಮತ್ತೆ ಬಾಳು ಚಿಗುರುತ್ತದೆಂಬ ನಂಬಿಕೆ ಇದೆ. ಸೈನೈಡ್ ದಿಬ್ಬ ಆಕಾರದಲ್ಲಿ ತಿಪ್ಪೆಯನ್ನು ಹೋಲಬಹುದು, ಗುಣದಲ್ಲಿ ಹೋಲುವುದಿಲ್ಲ. ಅದು ಬರಿದಾಗುವುದಿಲ್ಲ, ಹೊಲಕ್ಕೆ ಹೋಗಲಾರದು. ‘ಗುಡ್ಡ’ ಎಂಬ ಪದ ಬಳಕೆಗೆ ಬಂದದ್ದರಿಂದ ಅದಕ್ಕೊಬ್ಬ ಕಾವಲುಗಾರ ಬೇಕೆಂಬ ಅರಿವೂ ಮಸುಕಾಗಿದೆ. ಗುಡ್ಡವನ್ನು ಯಾರು ಕಾಯುತ್ತಾರೆ? 2018ರಲ್ಲಿ ತೆರೆಕಂಡ ‘ಕೆಜಿಎಫ್’ ಚಲನಚಿತ್ರಕ್ಕೆ ಇಲ್ಲಿ ಚಿತ್ರೀಕರಣ ನಡೆದ ಮೇಲಂತೂ ಇದು ನೋಡತಕ್ಕ ಸ್ಥಳವೇ ಆಯಿತು.

ನೀರಿನಡಿ ಇಡುವ ಕ್ರಮವೂ ಒಂದುಂಟು. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಉಳಿಕೆಯನ್ನು ಹಿಡಿದಿಡಲು ಭದ್ರಾ ನದಿಯ ಉಪಹೊಳೆಗೆ ಲಖ್ಯಾ ಅಣೆಕಟ್ಟನ್ನು ಕಟ್ಟಲಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಅಣೆಕಟ್ಟನ್ನು ಕಾಯುವ ಕೆಲಸ ನಿಲ್ಲುವಂತಿಲ್ಲ.

ಕೋಲಾರದ ಗಣಿಗಳು 1956ರಲ್ಲಿ ಸರ್ಕಾರದ ವಶಕ್ಕೆ ಬಂದು, 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಅಡಿಯಲ್ಲಿ ನಡೆದು, 2001ರ ಫೆಬ್ರವರಿ 28ರಂದು ಮುಚ್ಚಿದವು. ಸಂಬಳ ನಿಂತಿತು; ಧೂಳು ನಿಲ್ಲಲಿಲ್ಲ. ಈಗ ದಿಬ್ಬಗಳಿಗೆ ಮತ್ತೊಮ್ಮೆ ಬೆಲೆ ಬಂದಿದೆ. ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆಯಾದರೂ ಅವುಗಳಲ್ಲಿ ಚಿನ್ನ ಉಳಿದಿದೆ. ಸುಮಾರು ಸಾವಿರ ಎಕರೆಯಲ್ಲಿ ಹರಡಿರುವ ಈ 13 ದಿಬ್ಬಗಳನ್ನು ಮರುಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಇದನ್ನು ಕಸ ಕರಗಿಸುವ ಕಾರ್ಯವೆಂದು ಭಾವಿಸುವುದು ಸರಿಯಾಗದು. ಒಂದು ಟನ್ನಿನಿಂದ ಒಂದು ಗ್ರಾಮಿನಷ್ಟನ್ನು ತೆಗೆದರೆ ಉಳಿಯುವುದು ಹೆಚ್ಚುಕಡಿಮೆ ಒಂದು ಟನ್ನೇ. ಹೀಗೆ ಎರಡನೆಯ ಬಾರಿ ಜಾಲಿಸಿದ ಆ 3.3 ಕೋಟಿ ಟನ್ ಹುಡಿಯನ್ನು ಎಲ್ಲಿ ಇಡಬೇಕು, ಅಡಿಗೆ ಏನು ಹಾಸಬೇಕು, ಮೇಲೆ ಏನು ಹೊದಿಸಬೇಕು, ಚಿನ್ನ ತೀರಿದ ಮೇಲೆ ಅದನ್ನು ಕಾಯುವವರ ಸಂಬಳ ಯಾರ ಲೆಕ್ಕದಲ್ಲಿ ಬರಬೇಕು ಎಂಬುದನ್ನು ದಿಬ್ಬಕ್ಕೆ ಮೊದಲ ಗುದ್ದಲಿ ಬೀಳುವ ಮುನ್ನವೇ ಬರೆದಿಡಬೇಕಾಗಿದೆ; ಲೈನುಗಳ ನಿವಾಸಿಗಳು ಓದಬಲ್ಲ ತಮಿಳು, ತೆಲುಗು, ಕನ್ನಡಗಳಲ್ಲಿ.