ಗೋವನ್ ಕ್ಷೇತ್ರ: ಎರಡು ಉಪಚುನಾವಣೆಗಳು

ಗ್ಲಾಸ್ಗೋ ನಗರದ ಗೋವನ್, ಕ್ಲೈಡ್ ನದಿಯ ದಂಡೆಯಲ್ಲಿ ಹಡಗು ಕಟ್ಟುವ ಕಾರ್ಮಿಕರ ನೆಲೆ. 1885ರಿಂದ 2005ರವರೆಗೆ ಬ್ರಿಟಿಷ್ ಸಂಸತ್ತಿನ ಕ್ಷೇತ್ರವಾಗಿದ್ದ ಇಲ್ಲಿ, 1918ರಲ್ಲಿ ನೀಲ್ ಮ್ಯಾಕ್ಲೀನ್ ಗೆದ್ದಂದಿನಿಂದ ಲೇಬರ್ ಪಕ್ಷ ಬೇರೂರಿತು. 1950ರಲ್ಲಿ ಕನ್ಸರ್ವೇಟಿವರು ಪಡೆದ ಅಲ್ಪಾಂತರದ ಜಯ ಐದು ವರ್ಷಕ್ಕೆ ಮುಗಿಯಿತು.

ಇಂತಹ ಭದ್ರಕೋಟೆಯನ್ನು ಸ್ಕಾಟಿಷ್ ನ್ಯಾಷನಲ್ ಪಕ್ಷವು ಎರಡು ಬಾರಿ ಭೇದಿಸಿತು. ಎರಡೂ ಬಾರಿ ಉಪಚುನಾವಣೆಯಲ್ಲಿಯೇ ಎಂಬುದು ಗಮನಾರ್ಹ. 1973ರಲ್ಲಿ ಮಾರ್ಗೊ ಮ್ಯಾಕ್‌ಡೊನಾಲ್ಡ್ 571 ಮತಗಳಿಂದ ಗೆದ್ದರು. ನಾಲ್ಕು ತಿಂಗಳೊಳಗೆ ನಡೆದ ಮಹಾಚುನಾವಣೆಯಲ್ಲಿ ಸೋತರು. 1988ರಲ್ಲಿ ಅವರ ಪತಿ, ಹಿಂದೆ ಲೇಬರ್ ಸದಸ್ಯರೇ ಆಗಿದ್ದ ಜಿಮ್ ಸಿಲರ್ಸ್, ಲೇಬರ್‌ನ 19,509 ಮತಗಳ ಅಂತರವನ್ನು ಅಳಿಸಿ 3,554 ಮತಗಳಿಂದ ಆರಿಸಿಬಂದರು. ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲೇ ಸ್ಕಾಟ್ಲೆಂಡಿಗೆ ತಲೆಗಂದಾಯ ಬರಲಿದ್ದ ಕಾಲವದು. ಸ್ಕಾಟ್ಲೆಂಡಿನ 72 ಸ್ಥಾನಗಳಲ್ಲಿ 50ನ್ನು ಹೊಂದಿಯೂ ಲೇಬರ್ ಅದನ್ನು ತಡೆಯಲಾರದೆ ಹೋಯಿತೆಂಬ ಅಸಮಾಧಾನ ಮತಪೆಟ್ಟಿಗೆಯಲ್ಲಿ ಪ್ರಕಟವಾಯಿತು.

1992ರಲ್ಲಿ ಕ್ಷೇತ್ರ ಮರಳಿ ಲೇಬರ್ ಪಾಲಾಯಿತು. ಸರ್ಕಾರವನ್ನೇ ಆರಿಸುವಾಗ ಹಳೆಯ ನಿಷ್ಠೆ, ಎಚ್ಚರಿಕೆ ಕೊಡುವಾಗ ಪ್ರಾದೇಶಿಕ ಪಕ್ಷ ಎಂಬ ವಿವೇಚನೆ ಇದರಲ್ಲಿ ಕಾಣುತ್ತದೆ. ಇದನ್ನು ಚಂಚಲತೆಯೆನ್ನುವುದು ಸರಿಯಲ್ಲ. 1997ರಲ್ಲಿ ಇಲ್ಲಿಂದ ಗೆದ್ದ ಮೊಹಮ್ಮದ್ ಸರ್ವರ್ ಬ್ರಿಟಿಷ್ ಸಂಸತ್ತಿನ ಕೆಳಮನೆಯ ಮೊದಲ ಮುಸ್ಲಿಂ ಸದಸ್ಯರು. 2005ರ ಮರುವಿಂಗಡಣೆಯಲ್ಲಿ ಗೋವನ್ ಕ್ಷೇತ್ರ ರದ್ದಾಯಿತು.