ಅಟ್ಟದ ಮೇಲಿನ ವಿಡಿಯೋ ಗೇಮ್ ಗುಜರಿಗೆ ಹಾಕುವ ಮುನ್ನ



ದಸರೆ, ದೀಪಾವಳಿ ಹತ್ತಿರವಾದರೆ ಮನೆ ಸ್ವಚ್ಛ ಮಾಡುವ ಗಡಿಬಿಡಿ ಶುರು. ಅಟ್ಟದಿಂದ ಇಳಿಯುವ ಸಾಮಾನುಗಳಲ್ಲಿ ಹಳೆಯ ಟ್ರಾನ್ಸಿಸ್ಟರ್, ಟೇಪ್ ರೆಕಾರ್ಡರ್ ಜೊತೆಗೆ ಗಂಟು ಹಾಕಿದ ಒಂದು ಪ್ಲಾಸ್ಟಿಕ್ ಚೀಲವೂ ಇರುವುದುಂಟು. ಬಿಚ್ಚಿ ನೋಡಿದರೆ ವಿಡಿಯೋ ಗೇಮಿನ ಪೆಟ್ಟಿಗೆ, ವೈರು ಸುತ್ತಿಟ್ಟ ಎರಡು ಜಾಯ್‌ಸ್ಟಿಕ್, ನಾಲ್ಕಾರು ಕ್ಯಾಸೆಟ್, ಅದೃಷ್ಟ ಚೆನ್ನಾಗಿದ್ದರೆ ಒಂದು ಬಂದೂಕು. ಮುಂಬಯಿಯ ಎಷ್ಟೋ ಕನ್ನಡದ ಮನೆಗಳಲ್ಲಿ ಈ ಚೀಲ ಇಲ್ಲಿರುವುದೂ ಇಲ್ಲ. ಬೇಸಿಗೆ ರಜೆಗೆಂದು ಊರಿಗೆ ಒಯ್ದದ್ದು ಅಜ್ಜಿಯ ಮನೆಯ ಅಟ್ಟದಲ್ಲೇ ಉಳಿದಿರುತ್ತದೆ. "ಇದು ಇನ್ನೆಲ್ಲಿ ನಡೀತದೆ, ಗುಜರಿಯವನಿಗೆ ಕೊಟ್ಟುಬಿಡಿ" ಎಂದು ಯಾರೋ ಹೇಳುತ್ತಾರೆ, ಅಲ್ಲಿಗೆ ಅದರ ಕಥೆ ಮುಗಿಯುತ್ತದೆ.

ತೊಂಬತ್ತರ ದಶಕದಲ್ಲಿ ಅಣ್ಣನಿಗೆ ಒಂದನೇ ಜಾಯ್‌ಸ್ಟಿಕ್, ನನಗೆ ಎರಡನೆಯದು ಎಂಬ ಒಪ್ಪಂದದಲ್ಲಿ ಬೆಳೆದ ನಾನು ಆ ಚೀಲದ ಪರವಾಗಿ ಎರಡು ಮಾತು ಹೇಳಬೇಕೆಂದಿದ್ದೇನೆ. ಮೊದಲನೆಯದು, ಅದು ಬಹುಮಟ್ಟಿಗೆ ಇನ್ನೂ ನಡೆಯುತ್ತದೆ. ಎರಡನೆಯದು, ಎಸೆದರೆ ಮತ್ತೆಲ್ಲೂ ಸಿಗದ ಒಂದಿಷ್ಟು ಸಂಗತಿ ಅದರೊಳಗಿದೆ.

ಆ ಪೆಟ್ಟಿಗೆಯ ತವರು ಯಾವುದು?

ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು 'ಫ್ಯಾಮಿಲಿ ಕಂಪ್ಯೂಟರ್' ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಬೆಲೆ 14,800 ಯೆನ್. ಜನ ಅದನ್ನು ಮೊಟಕು ಮಾಡಿ 'ಫ್ಯಾಮಿಕಾಮ್' ಎಂದು ಕರೆದರು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥರು ಮಸಾಯುಕಿ ಉಎಮುರಾ ಎಂಬ ಎಂಜಿನಿಯರ್. ಅವರು 2021ರಲ್ಲಿ ತೀರಿಕೊಂಡರು. 1985ರಲ್ಲಿ ಇದೇ ಯಂತ್ರ ಬೇರೆ ಅಂಗಿ ತೊಟ್ಟು 'ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಮ್' ಎಂಬ ಹೆಸರಲ್ಲಿ ಅಮೆರಿಕಕ್ಕೆ ಹೋಯಿತು. ಎರಡೂ ಸೇರಿ ಮಾರಾಟವಾದದ್ದು 6 ಕೋಟಿಗೂ ಹೆಚ್ಚು. ಜಪಾನಿನಲ್ಲಿ ಇದರ ತಯಾರಿಕೆ ನಿಂತದ್ದು 2003ರಲ್ಲಿ, ಅಂದರೆ ಹುಟ್ಟಿ 20 ವರ್ಷಗಳಾದ ಮೇಲೆ!

ಭಾರತದಲ್ಲಿ ನಿಂಟೆಂಡೊ ಯಂತ್ರ 'ಸಮುರಾಯ್' ಎಂಬ ಹೆಸರಿನಲ್ಲಿ ಬಂದಿತ್ತು. ಆದರೆ ನಮ್ಮ ನಿಮ್ಮ ಮನೆಗೆ ಬಂದದ್ದು ಹೆಚ್ಚಾಗಿ ಅದಲ್ಲ, ಅದರ ತದ್ರೂಪಿ. 'ಲಿಟ್ಲ್ ಮಾಸ್ಟರ್', 'ಟರ್ಮಿನೇಟರ್' ಮುಂತಾದ ಹೆಸರುಗಳು ಹಲವರಿಗೆ ನೆನಪಿರಬಹುದು. ತೈವಾನಿನ ಕಾರ್ಖಾನೆಗಳು ಫ್ಯಾಮಿಕಾಮ್ ಚಿಪ್‌ಗಳ ನಕಲು ತಯಾರಿಸಿದವು. ಮುಂದೆ ಇಡೀ ಯಂತ್ರವನ್ನೇ ಒಂದು ಚಿಪ್ಪಿನೊಳಗೆ ಅಡಗಿಸಲಾಯಿತು. ಅಂಥ ಪೆಟ್ಟಿಗೆ ಬಿಚ್ಚಿದರೆ ಹಸಿರು ಹಲಗೆಯ ಮೇಲೆ ಕಪ್ಪು ಬೊಟ್ಟಿನಂತೆ ಒಂದು ಅಂಟಿನ ಉಂಡೆ ಕಾಣುತ್ತದೆ. ಮಾರಿಯೋ, ಕಾಂಟ್ರಾ ಎಲ್ಲವನ್ನೂ ನಡೆಸುವ ಚಿಪ್ ಅದರ ಕೆಳಗಿದೆ.

ನಮ್ಮ ಮಾರಿಯೋ ನಿಧಾನಸ್ಥ

ಜಪಾನಿನ ಟಿವಿಗಳು ಸೆಕೆಂಡಿಗೆ 60 ಬಾರಿ ಚಿತ್ರ ಬರೆಯುತ್ತಿದ್ದವು. ಭಾರತ ಒಪ್ಪಿಕೊಂಡದ್ದು ಪಾಲ್ ಪದ್ಧತಿ. ಅದರಲ್ಲಿ ಸೆಕೆಂಡಿಗೆ 50. ಈ ಗೇಮ್‌ಗಳು ಮುಂದೆ ಸಾಗುವುದು ಗಡಿಯಾರ ನೋಡಿಕೊಂಡಲ್ಲ, ಚಿತ್ರದ ಲೆಕ್ಕದಲ್ಲಿ: ಒಂದು ಚಿತ್ರಕ್ಕೆ ಒಂದು ಹೆಜ್ಜೆ. ಹಾಗಾಗಿ ನಮ್ಮ ಪಾಲ್ ಟಿವಿಗೆಂದು ಮಾಡಿದ ತದ್ರೂಪಿಗಳಲ್ಲಿ ಜಪಾನಿ ಕ್ಯಾಸೆಟ್ ಹಾಕಿದರೆ, ಅಲ್ಲಿನ ಮಾರಿಯೋ 50 ಸೆಕೆಂಡಿನಲ್ಲಿ ಓಡಿದ ದಾರಿಗೆ ಇಲ್ಲಿನ ಮಾರಿಯೋ 60 ಸೆಕೆಂಡು ತೆಗೆದುಕೊಳ್ಳುತ್ತಿದ್ದ. ಹಿನ್ನೆಲೆ ಸಂಗೀತದ ನಡೆಯೂ ಅಷ್ಟೇ ನಿಧಾನ. ಇಂದು ಕಂಪ್ಯೂಟರಿನಲ್ಲಿ ಅದೇ ಆಟ ಆಡಿದವರು "ಯಾಕೋ ಇದು ತುಂಬಾ ಜೋರು, ನಾವು ಆಡಿದ್ದು ಹೀಗಿರಲಿಲ್ಲ" ಎನ್ನುತ್ತಾರಲ್ಲ, ಅವರ ನೆನಪು ಸುಳ್ಳಲ್ಲ.

ಸಂಗೀತದ ಮಾತು ಬಂತು. ರೇಡಿಯೋದವರಾದ ನಮಗೆ ಕಿವಿಯೇ ಬಂಡವಾಳ ತಾನೇ? ಈ ಯಂತ್ರಕ್ಕೆ ಇರುವುದು ಐದೇ ಧ್ವನಿ. ರಾಗ ನುಡಿಸಲು ಎರಡು, ಮಂದ್ರಕ್ಕೆ ಒಂದು, ತಾಳದ ಸದ್ದಿಗೆ ಒಂದು, ಮುದ್ರಿಸಿಟ್ಟ ಚಿಕ್ಕ ಶಬ್ದಗಳಿಗೆ ಒಂದು. ಮಾರಿಯೋ ಸಂಗೀತ ರಚಿಸಿದ ಕೋಜಿ ಕೊಂಡೊ ಇಷ್ಟರಲ್ಲೇ ಕೆಲಸ ಮುಗಿಸಬೇಕಿತ್ತು. ಮುಂದಿನ ಸಲ ಆಡುವಾಗ ಗಮನವಿಟ್ಟು ಕೇಳಿ. ಮಾರಿಯೋ ಜಿಗಿದಾಗಲೆಲ್ಲ ಹಾಡಿನ ಒಂದು ಎಳೆ ಕ್ಷಣಕಾಲ ಮಾಯವಾಗುತ್ತದೆ. ಜಿಗಿತದ ಸದ್ದಿಗೆ ಬೇರೆ ಜಾಗವಿಲ್ಲದೆ ಹಾಡಿನಿಂದಲೇ ಒಂದು ಧ್ವನಿಯನ್ನು ಕಡ ತಂದಿರುತ್ತಾರೆ.

ಮಿತವ್ಯಯ ಅಂದರೆ ಇದು. 1985ರ ಸೆಪ್ಟೆಂಬರಿನಲ್ಲಿ ಬಂದ 'ಸೂಪರ್ ಮಾರಿಯೋ ಬ್ರದರ್ಸ್' ಗೇಮಿನ ಒಟ್ಟು ಗಾತ್ರ 40 ಕಿಲೋಬೈಟ್. ಈಗ ಬೆಳಿಗ್ಗೆದ್ದರೆ ಮೊಬೈಲಿಗೆ ಬರುವ ಒಂದು ಶುಭೋದಯದ ಚಿತ್ರವೇ ಅದಕ್ಕಿಂತ ದೊಡ್ಡದಿರುತ್ತದೆ. ಅದರಲ್ಲಿನ ಮೋಡ ಮತ್ತು ಪೊದೆ ಎರಡೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ!

ಊದುವುದು ಬೇಡ

ಈಗ ಅದನ್ನು ಬದುಕಿಸುವ ವಿಚಾರಕ್ಕೆ ಬರೋಣ. ಕ್ಯಾಸೆಟ್ ನಡೆಯದಿದ್ದರೆ ನಾವೆಲ್ಲ ಮಾಡುತ್ತಿದ್ದ ಕೆಲಸ ಒಂದೇ, ಹೊರಗೆ ತೆಗೆದು ಬಾಯಿಂದ ಫೂ ಎಂದು ಊದುವುದು. ಆಮೇಲೆ ಗೇಮ್ ಬರುತ್ತಲೂ ಇತ್ತು. ನಿಜವಾಗಿ ಉಪಯೋಗವಾಗುತ್ತಿದ್ದುದು ಊದಿದ್ದಲ್ಲ, ತೆಗೆದು ಮತ್ತೆ ಹಾಕಿದ್ದು. ಕ್ಯಾಸೆಟ್ಟಿನ ಬುಡದಲ್ಲಿರುವ 60 ಲೋಹದ ಪಟ್ಟಿಗಳು ಯಂತ್ರದ ಹಲ್ಲುಗಳಿಗೆ ಹೊಸದಾಗಿ ಕೂಡುತ್ತಿದ್ದವು, ಅಷ್ಟೇ. ಉಸಿರಿನ ತೇವದಿಂದ ಆ ಪಟ್ಟಿಗಳಿಗೆ ಕಿಲುಬು ಹಿಡಿಯುತ್ತದೆ. ಊದಬೇಡಿ ಎಂದು ನಿಂಟೆಂಡೊ ಕಂಪನಿಯೇ ಹೇಳಿದೆ. ಔಷಧದಂಗಡಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಕೇಳಿ ತನ್ನಿ. ಕಿವಿಗೆ ಬಳಸುವ ಹತ್ತಿಯ ಕಡ್ಡಿಯನ್ನು ಅದರಲ್ಲಿ ಅದ್ದಿ ಪಟ್ಟಿಗಳನ್ನು ಮೆಲ್ಲಗೆ ಒರೆಸಿ. ಕಡ್ಡಿ ಕಪ್ಪಾಗುವುದು ನಿಂತಾಗ ಸಾಕು ಮಾಡಿ, ಪೂರ್ತಿ ಒಣಗಿದ ಮೇಲೆ ಹಾಕಿ ನೋಡಿ. ಸತ್ತಿದೆ ಎಂದುಕೊಂಡ ಹಲವು ಕ್ಯಾಸೆಟ್‌ಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಯಂತ್ರ ಸಾಯುವುದು ಹೆಚ್ಚಾಗಿ ಅಡಾಪ್ಟರಿನಿಂದ. ಪಿನ್ನು ಕೂಡುತ್ತದೆಂದು ಕೈಗೆ ಸಿಕ್ಕಿದ ಅಡಾಪ್ಟರ್ ಚುಚ್ಚುವುದು ಅಪಾಯ. ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಅಡಾಪ್ಟರುಗಳಲ್ಲಿ ಪಿನ್ನಿನ ನಡುಭಾಗ ಪ್ಲಸ್, ಹೊರಭಾಗ ಮೈನಸ್. ಫ್ಯಾಮಿಕಾಮ್‌ನಲ್ಲಿ ಇದು ತಿರುಗುಮುರುಗು, ನಡುಭಾಗವೇ ಮೈನಸ್. ಅಮೆರಿಕದ ಯಂತ್ರಕ್ಕೆ ಬರುತ್ತಿದ್ದ ಅಡಾಪ್ಟರ್ ಕೊಡುವುದು 9 ವೋಲ್ಟಿನ ಎ.ಸಿ. ವಿದ್ಯುತ್ತು. ಅದನ್ನು ಫ್ಯಾಮಿಕಾಮ್‌ಗೆ ಚುಚ್ಚಿದರೆ ಯಂತ್ರ ಕೆಡುತ್ತದೆ. ಪರದೇಶದಿಂದ ಬಂಧುಗಳು ತಂದ ಅಡಾಪ್ಟರು ಕಡಿಮೆ ವೋಲ್ಟಿಗೆಂದು ಮಾಡಿದ್ದಾದರೆ, ಅದನ್ನು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಹಾಕಿದಾಗ ಹೊಗೆ ಬರಬಹುದು. ಪೆಟ್ಟಿಗೆಯ ಅಡಿಯ ಬರಹ ಓದಿ. ಅಳಿಸಿಹೋಗಿದ್ದರೆ ಎಲೆಕ್ಟ್ರಾನಿಕ್ಸ್ ರಿಪೇರಿಯವರಿಗೆ ತೋರಿಸಿ. ಲ್ಯಾಮಿಂಗ್ಟನ್ ರಸ್ತೆಯಲ್ಲೋ, ಊರಿಗೆ ಹೋಗುವಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಬಿಡಿಭಾಗಗಳಿಗೆ ಬರವಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರದಲ್ಲಿ ಮೊದಲು ಕೈಕೊಡುವ ಕೆಪಾಸಿಟರ್‌ಗಳನ್ನು ಬದಲಿಸುವುದು ಅವರಿಗೆ ಕಷ್ಟದ ಕೆಲಸವಲ್ಲ.

ಟಿವಿಯ ತೊಡಕು

ಯಂತ್ರ ಸರಿಯಾದರೂ ಚಿತ್ರ ಎಲ್ಲಿ ನೋಡುವುದು? ಹಿಂದೆ ಹಳದಿ, ಬಿಳಿ, ಕೆಂಪು ಬಣ್ಣದ ಎ.ವಿ. ತೂತುಗಳಿದ್ದರೆ ಈಗಿನ ಟಿವಿಗೂ ಜೋಡಿಸಬಹುದು. ಟಿವಿಯಲ್ಲಿ ಎಚ್.ಡಿ.ಎಂ.ಐ. ಮಾತ್ರ ಇದ್ದರೆ ನಡುವೆ ಒಂದು ಚಿಕ್ಕ ಕನ್ವರ್ಟರ್ ಬೇಕು. ಆದರೆ ಹೊಸ ಟಿವಿ ಚಿತ್ರವನ್ನು ಒಳಗೆ ಪರಿಷ್ಕರಿಸಿ ತೋರಿಸುವಷ್ಟರಲ್ಲಿ ಕಣ್ಣಿಗೆ ಕಾಣದಷ್ಟು ತಡವಾಗುತ್ತದೆ. ಬಟನ್ ಒತ್ತಿದ ಮೇಲೆ ಜಿಗಿತ ಬರುವುದರೊಳಗೆ ಮಾರಿಯೋ ಹೊಂಡದಲ್ಲಿ! ಟಿವಿಯ ಸೆಟ್ಟಿಂಗಿನಲ್ಲಿ 'ಗೇಮ್ ಮೋಡ್' ಇದ್ದರೆ ಹಾಕಿಕೊಳ್ಳಿ, ಎಷ್ಟೋ ವಾಸಿ.

ಬಂದೂಕಿನ ಆಟಕ್ಕೆ ಮಾತ್ರ ಬೆನ್ನು ಉಬ್ಬಿದ ಹಳೆಯ ಡಬ್ಬಾ ಟಿವಿಯೇ ಆಗಬೇಕು. ಬಾತುಕೋಳಿ ಹೊಡೆಯುವ 'ಡಕ್ ಹಂಟ್' ಆಟದಲ್ಲಿ ಬಂದೂಕಿನಿಂದ ಏನೂ ಹಾರುವುದಿಲ್ಲ. ಬಂದೂಕು ನೋಡುತ್ತದೆ, ಅಷ್ಟೇ. ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗಿ, ಮರುಕ್ಷಣ ಕೋಳಿ ಇದ್ದಲ್ಲಿ ಬಿಳಿಯ ಚೌಕ ಮೂಡುತ್ತದೆ. ಮೂತಿಯೊಳಗಿನ ಬೆಳಕಿನ ಕಣ್ಣು ಮೊದಲು ಕಪ್ಪನ್ನು, ಆಮೇಲೆ ಬಿಳುಪನ್ನು ಕಂಡರೆ ಗುರಿ ತಾಗಿದ ಲೆಕ್ಕ. ಮೊದಲು ಕಪ್ಪು ಕಾಣಲೇಬೇಕಾದ್ದರಿಂದ ಬಲ್ಬಿಗೆ ಗುರಿಯಿಟ್ಟು ಗೆಲ್ಲುವ ಉಪಾಯ ನಡೆಯುತ್ತಿರಲಿಲ್ಲ. ಈ ಲೆಕ್ಕವೆಲ್ಲ ನಡೆಯುವುದು ಹಳೆಯ ಟಿವಿ ತಡವಿಲ್ಲದೆ ಚಿತ್ರ ಬರೆಯುತ್ತಿದ್ದುದರಿಂದ. ಹೊಸ ಟಿವಿಯಲ್ಲಿ ಬಿಳಿ ಚೌಕ ಬರುವಷ್ಟರಲ್ಲಿ ಬಂದೂಕಿನ ಕಣ್ಣು ಮುಚ್ಚಿರುತ್ತದೆ. ಡಬ್ಬಾ ಟಿವಿ ಇದ್ದರೆ ಅದನ್ನೂ ಉಳಿಸಿಕೊಳ್ಳಿ. ಒಳಗೆ ಮಾತ್ರ ನೀವಾಗಿ ಕೈ ಹಾಕಬೇಡಿ. ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಜೀವಕ್ಕೆ ಅಪಾಯ ತರುವಷ್ಟು ವಿದ್ಯುತ್ತು ಉಳಿದಿರಬಹುದು.

ಬೆಲೆಯೂ ಮೌಲ್ಯವೂ

ಸಂಗ್ರಹಕ್ಕೆ ಇಳಿಯುವವರ ಕಿವಿಗೆ ಮೊದಲು ಬೀಳುವುದು ಹರಾಜಿನ ಸುದ್ದಿ. 2021ರ ಜುಲೈನಲ್ಲಿ ಅಮೆರಿಕದಲ್ಲಿ 'ಸೂಪರ್ ಮಾರಿಯೋ 64' ಗೇಮಿನ ಒಂದು ಪ್ರತಿ 15 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಅದು ಸೀಲು ಒಡೆಯದ ಡಬ್ಬಿ, ಯಾರೂ ಒಮ್ಮೆಯೂ ಆಡದ ಗೇಮ್. ನಮ್ಮ ಸವೆದ ಕ್ಯಾಸೆಟ್ಟಿಗೆ ಆ ಲೆಕ್ಕ ಹಿಡಿಯಬೇಡಿ. ಹೊಸದಾಗಿ ಕೊಳ್ಳುವುದಾದರೆ ಒಂದೇ ಯಂತ್ರದಿಂದ ಶುರು ಮಾಡಿ. ಚೋರ್ ಬಜಾರಿನಲ್ಲಾಗಲಿ ಬೇರೆ ಯಾವ ಹಳೆಯ ಸಾಮಾನಿನ ಪೇಟೆಯಲ್ಲಾಗಲಿ, ಓಡಿಸಿ ತೋರಿಸದ ಹೊರತು ದುಡ್ಡು ಕೊಡಬೇಡಿ. ಲೇಬಲ್ ಮೇಲೆ 'ಲಕ್ಷಗಟ್ಟಲೆ ಗೇಮ್' ಎಂದಿದ್ದರೆ ನಕ್ಕುಬಿಡಿ. ಅವೇ ಹತ್ತಿಪ್ಪತ್ತು ಗೇಮ್‌ಗಳು ಬೇರೆ ಬೇರೆ ಹೆಸರಿನಲ್ಲಿ ತಿರುಗಿ ತಿರುಗಿ ಬರುತ್ತವೆ ಎಂಬುದು ನಮಗೆಲ್ಲ ಗೊತ್ತಿರುವ ಗುಟ್ಟು.

ಹಾಗಾದರೆ ನಮ್ಮ ಹಳೆಯ ಪೆಟ್ಟಿಗೆಯನ್ನು ಯಾಕೆ ಉಳಿಸಬೇಕು? 1983ರಲ್ಲಿ ಅಮೆರಿಕದ ಅಟಾರಿ ಕಂಪನಿ ಮಾರಾಟವಾಗದ 'ಇ.ಟಿ.' ಮೊದಲಾದ ಗೇಮ್‌ಗಳನ್ನು ನ್ಯೂ ಮೆಕ್ಸಿಕೋದ ಆಲಮಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತುಹಾಕಿತು. 2014ರಲ್ಲಿ ಅಗೆದು ತೆಗೆದಾಗ ಅದರಲ್ಲೊಂದು ಕ್ಯಾಸೆಟ್ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯ ಸೇರಿತು. ಕಸವೆಂದು ಹೂತದ್ದನ್ನು 31 ವರ್ಷಗಳ ಮೇಲೆ ಚರಿತ್ರೆಯೆಂದು ಎತ್ತಿಟ್ಟರು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮುಂಚೆ ಬಂದ ಗೇಮ್‌ಗಳಲ್ಲಿ ನೂರಕ್ಕೆ 87 ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಕಂಪನಿ, ಕಡತ, ಸಂಗ್ರಹಾಲಯ ಎಲ್ಲ ಇರುವ ದೇಶದ ಸ್ಥಿತಿಯೇ ಇದು.

ನಮ್ಮ ತದ್ರೂಪಿಗಳನ್ನು ಮಾಡಿದವರು ಎಷ್ಟೋ ಸಲ ಪೆಟ್ಟಿಗೆಯ ಮೇಲೆ ತಮ್ಮ ಹೆಸರನ್ನೂ ಹಾಕಲಿಲ್ಲ. ಮೂಲ ಮಾರಿಯೋ ಎಲ್ಲಿಯೂ ಹೋಗುವುದಿಲ್ಲ, ಜಪಾನಿನಲ್ಲಿ ಅದನ್ನು ಕಾಯುವವರಿದ್ದಾರೆ. ಆದರೆ ನಿಧಾನವಾಗಿ ಓಡುವ ನಮ್ಮ ಮಾರಿಯೋ, ಕಾಗುಣಿತ ತಪ್ಪಿದ ಲೇಬಲ್ಲು, ಮೆನುವಿನ ಹಿಂದೆ ಹಾರುವ ಹಕ್ಕಿಗಳು, ಇವಕ್ಕೆ ವಾರಸುದಾರರು ನಾವೇ. ಕಾಂಟ್ರಾದಲ್ಲಿ 3 ಪ್ರಾಣ 30 ಆಗಲು ಮೇಲೆ-ಮೇಲೆ-ಕೆಳಗೆ-ಕೆಳಗೆ ಎಂದು ಶುರುವಾಗುವ ಮಂತ್ರವನ್ನು ನಾವು ಪುಸ್ತಕದಲ್ಲಿ ಓದಿದವರಲ್ಲ. ಪಕ್ಕದ ಮನೆಯ ಹುಡುಗ ಹೇಳಿಕೊಟ್ಟ, ನಾವು ಊರಿನ ತಮ್ಮ ತಂಗಿಯರಿಗೆ ದಾಟಿಸಿದೆವು. ಇದು ಬರೆದಿಡದ ಚರಿತ್ರೆ.

ಆದ್ದರಿಂದ ಇಷ್ಟು ಮಾಡಿ. ಚೀಲ ಇಳಿಸಿ, ಧೂಳು ಒರೆಸಿ. ಪೆಟ್ಟಿಗೆ, ಕ್ಯಾಸೆಟ್, ಡಬ್ಬಿಯ ಎಲ್ಲ ಮಗ್ಗುಲಿನ ಫೋಟೋ ತೆಗೆಯಿರಿ. ಯಾವ ವರ್ಷ, ಯಾವ ಊರಿನ ಯಾವ ಪೇಟೆಯಲ್ಲಿ, ಎಷ್ಟು ರೂಪಾಯಿಗೆ, ಯಾರು ಕೊಡಿಸಿದ್ದು ಎಂದು ಒಂದು ಚೀಟಿ ಬರೆದು ಜೊತೆಗಿಡಿ. ತಂದೆ ತಾಯಿ ಇದ್ದರೆ ಇವತ್ತೇ ಕೇಳಿ ಬರೆದುಕೊಳ್ಳಿ, ಅಂಗಡಿಯ ರಸೀದಿ ಎಂದೋ ಹೋಗಿರುತ್ತದೆ. ನಿಮಗೆ ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಆಸೆಯಿಂದ ಇಟ್ಟುಕೊಳ್ಳುವ ಯಾರಿಗಾದರೂ ಕೊಡಿ, ಚೀಟಿಯ ಸಮೇತ.

ಆ ಚೀಟಿಯ ಒಂದು ಪ್ರತಿ ನಮ್ಮ ಕನ್ನಡ ವಿಭಾಗಕ್ಕೂ ಬರಲಿ. ಚೆನ್ನಾಗಿರುವುದನ್ನು ಕಾರ್ಯಕ್ರಮದಲ್ಲಿ ಓದುತ್ತೇನೆ. ಒಂದನೇ ಜಾಯ್‌ಸ್ಟಿಕ್ ಯಾರ ಕೈಯಲ್ಲಿತ್ತು ಎಂಬುದನ್ನೂ ಬರೆಯಿರಿ.