ಹುಳ ಉದುರಿಸಿದ್ದು ಯಾವ ದಾರ?

ಜಗಳೂರು ಕಡೆಯ ಕುರಿಗಾಹಿ ಓದುಗರೊಬ್ಬರ ಪ್ರಶ್ನೆ ಇದು: ‘ಉಣ್ಣೆ ಕತ್ತರಿಸುವಾಗ ಕತ್ತರಿ ತಾಗಿ ಕುರಿಗೆ ಗಾಯವಾಗಿ ಹುಳ ಬಿತ್ತು. ಮಂತ್ರಿಸಿದ ದಾರ ಕೊರಳಿಗೆ ಕಟ್ಟಿಸಿದೆವು. ಮೂರನೇ ದಿನಕ್ಕೆ ಹುಳವೆಲ್ಲ ಉದುರಿಹೋದವು. ವಿಜ್ಞಾನ ಇದಕ್ಕೆ ಏನನ್ನುತ್ತದೆ?’

ಹುಳ ಉದುರಿದ್ದು ನಿಜ. ದಾರ ಕಟ್ಟದಿದ್ದರೂ ಅವು ಉದುರುತ್ತಿದ್ದವು ಎನ್ನುವುದೂ ಅಷ್ಟೇ ನಿಜ.

ಈ ಹುಳದ ತಾಯಿ ನೀಲಿ-ಹಸಿರು ಹೊಳಪಿನ ಒಂದು ನೊಣ. ಹೆಸರು ಕ್ರೈಸೋಮಿಯಾ ಬೆಜ್ಜಿಯಾನಾ. ಸತ್ತ ಪ್ರಾಣಿಗೆ ಮುತ್ತುವ ಹಸಿರು ನೊಣವೇ ಗಾಯಕ್ಕೂ ಬರುತ್ತದೆಂದು ಬಹಳ ಜನ ತಿಳಿದಿದ್ದಾರೆ. ಅಂಥ ನೊಣಗಳೂ ಆಮೇಲೆ ಬಂದು ಸೇರಿಕೊಳ್ಳುವುದುಂಟು, ಆದರೆ ಮೊದಲು ಬರುವ ಈ ನೊಣ ಬೇರೆಯೇ ಜಾತಿಯದು. ಹೆಣದಲ್ಲಿ ಇದು ಮೊಟ್ಟೆ ಇಡುವುದಿಲ್ಲ. ಇದರ ಮರಿಗೆ ಬೇಕಾಗಿರುವುದು ಜೀವಂತ ಮಾಂಸ. ಆಗತಾನೇ ಹುಟ್ಟಿದ ಕರುವಿನ ಹೊಕ್ಕಳು, ಮುರಿದ ಕೊಂಬಿನ ಬುಡ, ಕಾಲುಬಾಯಿ ಜ್ವರದಲ್ಲಿ ಒಡೆದ ಗೊರಸಿನ ಸಂದು, ಉಣ್ಣಿ ಕಚ್ಚಿದ ಸಣ್ಣ ಗಾಯ, ಯಾವುದಾದರೂ ಸಾಕು. ಗಾಯದ ಅಂಚಿನಲ್ಲಿ ಒಮ್ಮೆಗೆ ನೂರೈವತ್ತು ಇನ್ನೂರು ಮೊಟ್ಟೆ ಅಂಟಿಸಿ ಹಾರಿಹೋಗುತ್ತದೆ.

ಈಗ ದಿನ ಲೆಕ್ಕ ಹಾಕಿ. ಒಂದು ದಿನದೊಳಗೆ ಮೊಟ್ಟೆ ಒಡೆಯುತ್ತದೆ. ಮರಿಗಳು ಐದರಿಂದ ಏಳು ದಿನ ಮಾಂಸ ತಿಂದು ಬಲಿಯುತ್ತವೆ. ಬಲಿತ ಮೇಲೆ ಗಾಯದಲ್ಲಿ ಅವಕ್ಕೆ ಕೆಲಸವಿಲ್ಲ. ಕೋಶವಾಗಲು ಮಣ್ಣು ಬೇಕು, ಅದಕ್ಕಾಗಿ ಹೊರಬಂದು ನೆಲಕ್ಕೆ ಬೀಳುತ್ತವೆ. ಉಣ್ಣೆಯ ಮರೆಯಲ್ಲಿರುವ ಗಾಯ ನಮ್ಮ ಕಣ್ಣಿಗೆ ಬೀಳುವುದು ವಾಸನೆ ಎದ್ದ ಮೇಲೆ, ಅಂದರೆ ಮೂರನೆಯದೋ ನಾಲ್ಕನೆಯದೋ ದಿನ. ಅಂದು ದಾರ ಕಟ್ಟಿ ‘ಇನ್ನು ಮೂರು ದಿನ’ ಎಂದವನ ಮಾತು ಸುಳ್ಳಾಗುವುದಾದರೂ ಹೇಗೆ?

ನ್ಯಾಮತಿ ಕಡೆಯ ಒಂದು ಕೊಟ್ಟಿಗೆಯಲ್ಲಿ ಪಶುವೈದ್ಯರು ಎತ್ತಿನ ಕೊಂಬಿನ ಬುಡ ತೊಳೆಯುವಾಗ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಗಾಯದ ತುಂಬ ಬಿಳಿಯ ತುದಿಗಳು ಒತ್ತೊತ್ತಾಗಿ ಮಿಸುಕಾಡುತ್ತಿದ್ದವು. ಹತ್ತಿರದಿಂದ ನೋಡಿದರೆ ಪ್ರತಿ ತುದಿಯಲ್ಲೂ ಎರಡು ಕಪ್ಪು ಚುಕ್ಕೆ. ಕಣ್ಣು ಅಂದುಕೊಂಡೀರಿ! ಅವು ಮೂಗು. ಹುಳ ತಲೆಕೆಳಗಾಗಿ ಮಾಂಸದೊಳಗೆ ಕೊಕ್ಕೆಬಾಯಿ ಹೂತು, ಹಿಂಭಾಗವನ್ನು ಹೊರಗಿಟ್ಟು ಅದರಿಂದಲೇ ಉಸಿರಾಡುತ್ತದೆ. ಹಾಗಾಗಿ ಊಟ ನಿಲ್ಲಿಸಬೇಕಾಗಿಯೇ ಇಲ್ಲ. ಟರ್ಪೆಂಟೈನ್‌ನಲ್ಲಿ ನೆನೆಸಿದ ಹತ್ತಿ ಇಟ್ಟೊಡನೆ ಅವು ಒಂದೊಂದಾಗಿ ಹಿಂದಕ್ಕೆ ಸರಿಯತೊಡಗಿದವು. ವೈದ್ಯರು ಚಿಮಟದಲ್ಲಿ ಹಿಡಿದು ಎಳೆದರು.

ಹಾಗಾದರೆ ‘ಊಟ ಸಾಕು, ಹೊರಡು’ ಎಂದು ಹುಳಕ್ಕೆ ಹೇಳುವವರು ಯಾರು? ಇದನ್ನು ಪತ್ತೆಹಚ್ಚಿದ್ದೂ ದಾರವೇ, ಮಂತ್ರಿಸದ ದಾರ. 1930ರ ದಶಕದಲ್ಲಿ ಲಂಡನ್ನಿನಲ್ಲಿ ಗಾಟ್‌ಫ್ರೀಡ್ ಫ್ರೆಂಕೆಲ್ ಎಂಬ ವಿಜ್ಞಾನಿ ಇದೇ ಕುಟುಂಬದ ಕ್ಯಾಲಿಫೋರಾ ನೊಣದ ಬಲಿತ ಹುಳಗಳನ್ನು ಹಿಡಿದು, ಒಂದೊಂದರ ನಡುವಿಗೂ ದಾರ ಬಿಗಿದರು. ಸರಿಯಾದ ಹೊತ್ತಿಗೆ ಬಿಗಿದಾಗ ಮುಂದಿನ ಅರ್ಧ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಕೋಶವಾಯಿತು, ಹಿಂದಿನ ಅರ್ಧ ಬೆಳ್ಳಗೆ ಮೆತ್ತಗೆ ಹುಳವಾಗಿಯೇ ಉಳಿಯಿತು. ಒಂದೇ ಮೈ, ಎರಡು ವಯಸ್ಸು! ಕೋಶವಾಗುತ್ತಿದ್ದ ಹುಳದ ರಕ್ತವನ್ನು ಆ ಹಿಂದಿನ ಅರ್ಧಕ್ಕೆ ಚುಚ್ಚಿದರೆ ಅದೂ ಕೋಶವಾಯಿತು. ಆಜ್ಞೆ ತಲೆಯ ಕಡೆಯಿಂದ ರಕ್ತದಲ್ಲಿ ಹರಿದುಬರುತ್ತದೆ ಎಂದಾಯಿತು. ಅದೊಂದು ಹಾರ್ಮೋನ್.

ಆ ಹಾರ್ಮೋನನ್ನು ಹರಳಾಗಿ ಬೇರ್ಪಡಿಸಿದ್ದು 1954ರಲ್ಲಿ, ಜರ್ಮನಿಯ ಬ್ಯುಟೆನಾಂಟ್ ಮತ್ತು ಕಾರ್ಲ್‌ಸನ್. ಅರ್ಧ ಟನ್ ರೇಷ್ಮೆ ಕೋಶಗಳಿಂದ ಅವರಿಗೆ ಸಿಕ್ಕಿದ್ದು 25 ಮಿಲಿಗ್ರಾಂ. ಸಿಕ್ಕಿದ್ದು ಅದೇ ಹೌದೋ ಅಲ್ಲವೋ ಎಂದು ಪರೀಕ್ಷಿಸಿದ್ದು ದಾರ ಬಿಗಿದ ಕ್ಯಾಲಿಫೋರಾ ಹುಳದ ಮೇಲೆ! ಹೆಸರು ಎಕ್ಡೈಸೋನ್. ಹಣ್ಣಾದ ರೇಷ್ಮೆಹುಳ ಸೊಪ್ಪು ಬಿಟ್ಟು ಚಂದ್ರಿಕೆ ಏರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಹುಳ ಮೇಲಕ್ಕೆ ಹತ್ತುತ್ತದೆ, ಇಲ್ಲಿ ಕೆಳಕ್ಕೆ ಬೀಳುತ್ತದೆ.

ಮಂತ್ರದಿಂದ ನಷ್ಟವೇನು ಎನ್ನುವವರಿದ್ದಾರೆ. ಬಲಿಯುವವರೆಗೆ ಹುಳ ತಿನ್ನುವುದು ಕುರಿಯನ್ನೇ. ಸಾಲದ್ದಕ್ಕೆ ಕೊಳೆತ ಗಾಯದ ವಾಸನೆ ಇನ್ನಷ್ಟು ನೊಣಗಳನ್ನು ಕರೆತರುತ್ತದೆ. ಒಂದು ತಂಡ ಉದುರುವ ಹೊತ್ತಿಗೆ ಇನ್ನೊಂದು ತಂಡ ಒಳಗೆ ಇಳಿದಿರುತ್ತದೆ. ಕುರಿ ಸತ್ತರೆ ‘ದೃಷ್ಟಿ ಜೋರಾಗಿತ್ತು’ ಎಂಬ ಸಮಜಾಯಿಷಿ ತಯಾರಿರುತ್ತದೆ. ಅಡಿಕೆಗೋ ಮೆಕ್ಕೆಜೋಳಕ್ಕೋ ತಂದಿಟ್ಟ ಕೀಟನಾಶಕವನ್ನು ಗಾಯಕ್ಕೆ ಸುರಿಯುವವರದು ಇನ್ನೂ ದೊಡ್ಡ ಅವಿವೇಕ.

ಮಾಡಬೇಕಾದದ್ದು ಸುಲಭ. ಸೀತಾಫಲದ ಎಲೆ ಅರೆದು ಹಚ್ಚುವುದು, ಕರ್ಪೂರ ಕಲಸಿದ ಕೊಬ್ಬರಿ ಎಣ್ಣೆ ಹಾಕುವುದು ನಮ್ಮ ಹಿರಿಯರಿಗೆ ಗೊತ್ತಿತ್ತು, ಪಶುವೈದ್ಯರೂ ಒಪ್ಪುತ್ತಾರೆ. ಗಾಯ ಆಳವಿದ್ದರೆ ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಮಳೆಗಾಲದಲ್ಲಿ ಉಣ್ಣೆ ಸರಿಸಿ ದಿನಕ್ಕೊಮ್ಮೆ ಮೈ ನೋಡಿ.

ಉದುರಿದ ಹುಳ ಸತ್ತ ಹುಳವಲ್ಲ ಎಂಬುದನ್ನೂ ಮರೆಯಬೇಡಿ. ರೊಪ್ಪದ ಮಣ್ಣಿಗಿಳಿದದ್ದು ಬೆಚ್ಚಗಿನ ದಿನಗಳಲ್ಲಿ ಸುಮಾರು ಒಂದು ವಾರದಲ್ಲಿ ನೊಣವಾಗಿ ಏಳುತ್ತದೆ. ಗಾಯದಿಂದ ತೆಗೆದದ್ದನ್ನು ನೆಲಕ್ಕೆ ಎಸೆಯದೆ ಡಬ್ಬಿಗೆ ಹಾಕಿ ಸುಟ್ಟುಬಿಡಿ. ದಾರ ಕಟ್ಟಿದವರು ಈ ಕೆಲಸವನ್ನು ಯಾರಿಗೂ ಹೇಳಿಕೊಡುವುದಿಲ್ಲ.